ಪ್ರೈಮ್ ಫ್ಯಾಕ್ಟರ್ ಕೋಡ್ ಬರೆಯೋದು ಹೇಗೆ, ಉತ್ತರ ಸರಿ ಬಂದ್ರೂ ಕೋಡ್ ಯಾಕೆ ತಪ್ಪಿರಬಹುದು

ಕೋಡಿಂಗ್ ಕಲಿಯೋಕೆ ಕೂತವರೆಲ್ಲಾ ಒಂದಲ್ಲ ಒಂದಿನ ಈ ಪ್ರಶ್ನೆಗೆ ಬಂದು ನಿಲ್ತಾರೆ. ಒಂದು ಸಂಖ್ಯೆ ಕೊಟ್ಟಿರ್ತಾರೆ, ಅದರ ಪ್ರೈಮ್ ಫ್ಯಾಕ್ಟರ್ (ಅವಿಭಾಜ್ಯ ಅಪವರ್ತನ, ಅಂದ್ರೆ ಅದನ್ನ ಭಾಗಿಸೋ ಪ್ರೈಮ್ ಸಂಖ್ಯೆ) ಎಲ್ಲಾ ತೆಗೀರಿ ಅಂತಾನೋ, ಇಲ್ಲ ಅದರಲ್ಲಿ ದೊಡ್ಡದು ಯಾವುದು ಹೇಳಿ ಅಂತಾನೋ ಕೇಳಿರ್ತಾರೆ. ಇದರಲ್ಲಿ ಎಲ್ಲರಿಗೂ ಗೊತ್ತಿರೋದು ಪ್ರಾಜೆಕ್ಟ್ ಆಯ್ಲರ್‌ನ 3ನೇ ಪ್ರಶ್ನೆ. 2001ರಲ್ಲಿ ಶುರುವಾದ ಸೈಟ್ ಅದು, ಗಣಿತ ಮತ್ತೆ ಪ್ರೋಗ್ರಾಮಿಂಗ್ ಸೇರಿಸಿ ಮಾಡಿರೋ ಪ್ರಶ್ನೆಗಳು. 13195ರ ಪ್ರೈಮ್ ಫ್ಯಾಕ್ಟರ್‌ಗಳು 5, 7, 13, 29 ಅಂತ ಉದಾಹರಣೆ ಕೊಟ್ಟು, ಹಾಗಾದ್ರೆ 600851475143ರ ಅತಿ ದೊಡ್ಡ ಪ್ರೈಮ್ ಫ್ಯಾಕ್ಟರ್ ಎಷ್ಟು ಅಂತ ಕೇಳ್ತಾರೆ, ಅಷ್ಟೇ ಪ್ರಶ್ನೆ.

ನೋಡೋಕೆ ಸುಲಭ, ಆದ್ರೆ ಆ ಸಂಖ್ಯೆನ ನಮ್ಮ ಲೆಕ್ಕದಲ್ಲಿ ಓದಿ ನೋಡಿ: ಅರವತ್ತು ಸಾವಿರದ ಎಂಬತ್ತೈದು ಕೋಟಿ, ಹದಿನಾಲ್ಕು ಲಕ್ಷದ ಎಪ್ಪತ್ತೈದು ಸಾವಿರದ ನೂರಾ ನಲವತ್ಮೂರು. ಇಲ್ಲೇ ಜನ ಎಡವೋದು. ತಲೆಗೆ ಮೊದಲು ಬರೋ ಐಡಿಯಾ ಏನು, 2ರಿಂದ ಆ ಸಂಖ್ಯೆ ತನಕ ಲೂಪ್ ಹಾಕೋದು, ಪ್ರತಿಯೊಂದೂ ಭಾಗ ಹೋಗುತ್ತಾ ನೋಡೋದು, ಹೋದ್ರೆ ಅದು ಪ್ರೈಮಾ ಅಂತ ಇನ್ನೊಂದು ಫಂಕ್ಷನ್ ಕರೆದು ಚೆಕ್ ಮಾಡೋದು. 13195ಕ್ಕೆ ಇದು ಚೆನ್ನಾಗೇ ಓಡುತ್ತೆ. ದೊಡ್ಡದಕ್ಕೆ ಹಾಕಿದ್ರೆ ಸೆಕೆಂಡಿಗೆ ಒಂದು ಕೋಟಿ ಸಲ ಲೂಪ್ ತಿರುಗುತ್ತೆ ಅಂತ ಇಟ್ಕೊಂಡ್ರೂ ಅರವತ್ತು ಸಾವಿರ ಸೆಕೆಂಡ್, ಅಂದ್ರೆ ಹದಿನಾರು ಗಂಟೆ ಮೇಲೆ ಬೇಕು. ಇನ್ನು ಕೆಲವರು ಮೊದಲು ಎಲ್ಲಾ ಪ್ರೈಮ್‌ಗಳ ಪಟ್ಟಿ ಮಾಡ್ಕೊಂಡು ಬಿಡೋಣ ಅಂತ ಹೊರಡ್ತಾರೆ, ಒಂದು ಸಂಖ್ಯೆಗೆ ಒಂದು ಬೈಟ್ ಅಂದ್ರೂ 600 ಜಿಬಿ ರ‍್ಯಾಮ್ ಬೇಕು, ಲ್ಯಾಪ್‌ಟಾಪ್ ಅಲ್ಲೇ ಮಲಗುತ್ತೆ.

ನನ್ನ ಪ್ರಕಾರ ಇದನ್ನ ಬಿಡಿಸೋಕೆ ಪ್ರೈಮ್ ಚೆಕ್ ಮಾಡೋ ಫಂಕ್ಷನ್ನೇ ಬೇಡ, ಪ್ರೈಮ್ ಪಟ್ಟಿನೂ ಬೇಡ. ಅಷ್ಟೇ ಅಲ್ಲ, ಈ ಪ್ರಶ್ನೆಗೆ ಸರಿ ಉತ್ತರ ಬಂತು ಅಂದ ಮಾತ್ರಕ್ಕೆ ನಿಮ್ಮ ಕೋಡ್ ಸರಿ ಇದೆ ಅಂತ ನಂಬೋಕೂ ಆಗಲ್ಲ. ಎರಡನೇದಕ್ಕೆ ಆಮೇಲೆ ಬರ್ತೀನಿ, ಅದೇ ಇದರಲ್ಲಿ ಮಜಾ ಇರೋ ಭಾಗ.

ಮೊದಲು ಕೈಯಲ್ಲಿ ಮಾಡೋಣ

ಸ್ಕೂಲಲ್ಲಿ ಲಸಾಅ ಮಸಾಅ ಲೆಕ್ಕಕ್ಕೆ ಎಡಗಡೆ ಒಂದು ಉದ್ದ ಗೆರೆ ಎಳೆದು, ಗೆರೆ ಆಚೆ 2, 2, 3, 5 ಅಂತ ಬರ್ಕೊಂಡು, ಒಳಗಡೆ ಸಂಖ್ಯೆ ಚಿಕ್ಕದಾಗ್ತಾ ಕೆಳಗಿಳೀತಿತ್ತಲ್ಲ, ಅದು ನೆನಪಿರಬೇಕು. ಹತ್ತನೇ ಕ್ಲಾಸಲ್ಲಿ ವಾಸ್ತವ ಸಂಖ್ಯೆಗಳ ಪಾಠದಲ್ಲಿ ಅಂಕಗಣಿತದ ಮೂಲ ಪ್ರಮೇಯ ಅಂತ ಬರುತ್ತೆ ನೋಡಿ, 1ಕ್ಕಿಂತ ದೊಡ್ಡ ಯಾವ ಪೂರ್ಣಸಂಖ್ಯೆನಾದ್ರೂ ಪ್ರೈಮ್‌ಗಳ ಗುಣಲಬ್ಧವಾಗಿ ಒಂದೇ ರೀತೀಲಿ ಬರೀಬಹುದು, ಕ್ರಮ ಮಾತ್ರ ಹಿಂದೆ ಮುಂದೆ ಆಗಬಹುದು ಅನ್ನೋದು. ನಮ್ಮ ಕೋಡ್ ಮಾಡಬೇಕಾಗಿರೋದು ಆ ಗೆರೆ ಲೆಕ್ಕನೇ, ಬೇರೆ ಏನೂ ಇಲ್ಲ.

13195 ತಗೊಳ್ಳಿ. 2 ಹೋಗಲ್ಲ, ಬೆಸ ಸಂಖ್ಯೆ. 3 ಹೋಗಲ್ಲ, ಅಂಕಿ ಕೂಡಿದ್ರೆ 19. 4 ಹೋಗಲ್ಲ. 5 ಹೋಗುತ್ತೆ, ಉಳಿಯೋದು 2639. ಈಗ 13195ನ ಮರೆತುಬಿಡಿ, ಇನ್ಮೇಲೆ ನಮ್ಮ ಸಂಖ್ಯೆ 2639. ಇನ್ನೊಂದ್ಸಲ 5 ನೋಡಿ, ಹೋಗಲ್ಲ. 6 ಹೋಗಲ್ಲ. 7 ಹೋಗುತ್ತೆ, ಉಳಿದಿದ್ದು 377. ಮತ್ತೆ 7, ಇಲ್ಲ. 8, 9, 10, 11, 12 ಯಾವುದೂ ಇಲ್ಲ. 13 ಹೋಗುತ್ತೆ, ಉಳಿದಿದ್ದು 29. ಇಲ್ಲಿ ಒಂದು ನಿಮಿಷ ನಿಲ್ಲಿ. 29ನ 14, 15, 16 ಅಂತ ಭಾಗಿಸ್ತಾ ಹೋಗ್ಬೇಕಾ? ಬೇಡ. ಯಾಕಂದ್ರೆ 13 × 13 ಅಂದ್ರೆ 169, ಅದು 29ನ ದಾಟಿ ಹೋಗಿದೆ. 29ಕ್ಕೆ ಇನ್ನೇನಾದ್ರೂ ಫ್ಯಾಕ್ಟರ್ ಇದ್ದಿದ್ರೆ ಅದು ಜೋಡಿಯಾಗಿ ಬರ್ಬೇಕಿತ್ತು, ಆ ಜೋಡೀಲಿ ಚಿಕ್ಕದು 29ರ ವರ್ಗಮೂಲದ ಒಳಗೇ ಇರ್ಬೇಕಿತ್ತು, ಅಂದ್ರೆ 5ರ ಒಳಗೆ, ಅವನ್ನೆಲ್ಲಾ ನಾವು ಆಗ್ಲೇ ನೋಡಿ ಮುಗಿಸಿದೀವಿ. ಹಾಗಾಗಿ 29 ಪ್ರೈಮ್, ಲೆಕ್ಕ ಮುಗೀತು.

ಮಧ್ಯದಲ್ಲಿ 4, 6, 8, 9 ಅಂತೆಲ್ಲಾ ಪ್ರೈಮ್ ಅಲ್ಲದೇ ಇರೋದನ್ನೂ ಸುಮ್ನೆ ಪ್ರಯತ್ನಿಸಿದ್ವಲ್ಲ, ಅವು ಪಟ್ಟೀಲಿ ತಪ್ಪಾಗಿ ಸೇರ್ಕೊಂಡ್ಬಿಟ್ರೆ ಅಂತ ಭಯ ಆಗಬಹುದು. ಸೇರಲ್ಲ. 6 ಹೋಗ್ಬೇಕು ಅಂದ್ರೆ ಸಂಖ್ಯೇಲಿ 2 ಮತ್ತು 3 ಎರಡೂ ಉಳಿದಿರ್ಬೇಕು, ಆದ್ರೆ 6ರ ಹತ್ರ ಬರೋ ಹೊತ್ತಿಗೆ 2, 3ನ ಒಂದೂ ಬಿಡದೆ ಕಿತ್ತು ಹಾಕಿರ್ತೀವಿ. ಅಂದ್ರೆ ಚಿಕ್ಕದರಿಂದ ಶುರು ಮಾಡಿ, ಹೋಗೋ ತನಕ ಅದರಲ್ಲೇ ಭಾಗಿಸ್ತಾ ಬಂದ್ರೆ, ಹೊಸದಾಗಿ ಭಾಗ ಹೋಗೋದು ಯಾವುದಾದ್ರೂ ಸಿಕ್ತು ಅಂದ್ರೆ ಅದು ಪ್ರೈಮೇ ಆಗಿರುತ್ತೆ. ಇದಕ್ಕೇ ನಾನು ಪ್ರೈಮ್ ಚೆಕ್ ಫಂಕ್ಷನ್ ಬೇಡ ಅಂದಿದ್ದು.

ಕೋಡ್

ಕೆಳಗಿರೋದು ಯಾವ ಲ್ಯಾಂಗ್ವೇಜೂ ಅಲ್ಲ, ಬರೀ ಹೆಜ್ಜೆಗಳು. ನಿಮಗೆ ಬರೋ ಪೈಥಾನೋ ಜಾವಾನೋ ಸಿ ಪ್ಲಸ್ ಪ್ಲಸ್ಸೋ ಅದಕ್ಕೆ ಇಳಿಸ್ಕೊಳ್ಳಿ, ಸಾಲಿಗೆ ಸಾಲು ಹೊಂದುತ್ತೆ. % ಅಂದ್ರೆ ಶೇಷ, ÷ ಅಂದ್ರೆ ಪೂರ್ಣಾಂಕ ಭಾಗಾಕಾರ.

ಸಂಖ್ಯೆ = 600851475143
ಭಾಜಕ = 2
ಪಟ್ಟಿ = ಖಾಲಿ
ಭಾಜಕ × ಭಾಜಕ <= ಸಂಖ್ಯೆ ಇರೋ ತನಕ:
    ಸಂಖ್ಯೆ % ಭಾಜಕ == 0 ಆದ್ರೆ:
        ಪಟ್ಟಿಗೆ ಭಾಜಕ ಸೇರಿಸು
        ಸಂಖ್ಯೆ = ಸಂಖ್ಯೆ ÷ ಭಾಜಕ
    ಇಲ್ಲಾಂದ್ರೆ:
        ಭಾಜಕ = ಭಾಜಕ + 1
ಸಂಖ್ಯೆ > 1 ಇದ್ರೆ:
    ಪಟ್ಟಿಗೆ ಸಂಖ್ಯೆ ಸೇರಿಸು

ಇಷ್ಟೇ. ಅಂದಹಾಗೆ ಪೈಥಾನ್ 3ರಲ್ಲಿ ವೇರಿಯೇಬಲ್‌ಗೆ ಸಂಖ್ಯೆ, ಭಾಜಕ ಅಂತ ಕನ್ನಡದಲ್ಲೇ ಹೆಸರಿಟ್ರೂ ಓಡುತ್ತೆ, ಬೇಕಿದ್ರೆ ಟ್ರೈ ಮಾಡಿ. ಆದ್ರೆ ಹೆಸರಲ್ಲಿ ಒತ್ತಕ್ಷರ ಆಗೋದನ್ನ ತಡೆಯೋಕೆ ಕೀಬೋರ್ಡ್ ಹಾಕೋ ಕಣ್ಣಿಗೆ ಕಾಣದ ಅಕ್ಷರ ಒಂದಿದೆಯಲ್ಲ, ಅದು ನುಸುಳಿದ್ರೆ ಎರರ್ ಕೊಡುತ್ತೆ, ಆಗ ತಲೆ ಕೆಡಿಸ್ಕೋಬೇಡಿ. ಆಫೀಸ್ ಕೋಡಲ್ಲಂತೂ ಮಾಡಕ್ಕೆ ಹೋಗ್ಬೇಡಿ, ರಿವ್ಯೂ ಮಾಡೋರು ಬಿಡಲ್ಲ.

ಈಗ ದೊಡ್ಡ ಸಂಖ್ಯೆನ ಇದರಲ್ಲಿ ಓಡಿಸಿದ್ರೆ ಒಳಗಡೆ ಏನಾಗುತ್ತೆ ನೋಡಿ. ಶುರುವಲ್ಲಿ ವರ್ಗಮೂಲ 775146, ಅಂದ್ರೆ ಹೆಚ್ಚೂಕಮ್ಮಿ ಏಳೂ ಮುಕ್ಕಾಲು ಲಕ್ಷದ ತನಕ ಹೋಗ್ಬೇಕಾಗಬಹುದು ಅಂತ. ಭಾಜಕ 71ಕ್ಕೆ ಬಂದಾಗ ಮೊದಲನೇ ಸಲ ಭಾಗ ಹೋಗುತ್ತೆ, ಸಂಖ್ಯೆ 8462696833ಕ್ಕೆ ಇಳಿಯುತ್ತೆ, ಅದರ ವರ್ಗಮೂಲ 91992, ಮಿತಿ ಒಂದೇ ಏಟಿಗೆ ಎಂಟನೇ ಒಂದು ಭಾಗ ಆಯ್ತು. ಮುಂದೆ 839ರಲ್ಲಿ ಹೋಗುತ್ತೆ, ಉಳಿಯೋದು 10086647, ಮಿತಿ ಈಗ ಬರೀ 3175. ಆಮೇಲೆ 1471ರಲ್ಲಿ ಹೋಗುತ್ತೆ, ಉಳಿಯೋದು 6857, ಅದರ ಮಿತಿ 82, ನಾವು ಆಗ್ಲೇ 1471ರಲ್ಲಿದೀವಿ, ಲೂಪ್ ನಿಂತೋಯ್ತು. ಉತ್ತರ 6857. ಇದನ್ನ ಮುಚ್ಚಿಟ್ಟು ಪ್ರಯೋಜನ ಇಲ್ಲ, ಹುಡುಕಿದ್ರೆ ಎಲ್ಲಾ ಕಡೆ ಸಿಗುತ್ತೆ. ಲೂಪ್ ಒಟ್ಟು ತಿರುಗಿದ್ದು 1472 ಸಲ. ಅರವತ್ತು ಸಾವಿರ ಕೋಟಿ ಎಲ್ಲಿ, ಸಾವಿರದ ನಾನೂರ ಎಪ್ಪತ್ತೆರಡೆಲ್ಲಿ. ಎಂಟರ್ ಒತ್ತಿ ಕೈ ತೆಗೆಯೋ ಅಷ್ಟರಲ್ಲಿ ಬಂದಿರುತ್ತೆ.

ಇದರಲ್ಲಿ ಕೆಲಸ ಮಾಡಿದ್ದು ಎರಡು ವಿಷಯ, ಸಂಖ್ಯೆನ ಕುಗ್ಗಿಸ್ತಾ ಹೋಗಿದ್ದು ಮತ್ತೆ ವರ್ಗಮೂಲದ ಮಿತಿನ ಕುಗ್ಗಿದ ಸಂಖ್ಯೆಗೇ ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕಿದ್ದು. ಬಹಳ ಜನ ಮೊದಲನೇದನ್ನ ಮಾಡಿ ಎರಡನೇದನ್ನ ಮರೀತಾರೆ, ಲೂಪ್ ಶುರುವಲ್ಲೇ ಮೂಲ ಸಂಖ್ಯೆಯ ವರ್ಗಮೂಲ ತೆಗೆದು ಒಂದು ವೇರಿಯೇಬಲ್ಲಲ್ಲಿ ಇಟ್ಟು ಅಲ್ಲಿ ತನಕ ಓಡಿಸ್ತಾರೆ. ಉತ್ತರ ಬರುತ್ತೆ, ಆದ್ರೆ 1472ರ ಬದಲು ಏಳೂ ಮುಕ್ಕಾಲು ಲಕ್ಷ ಸಲ ತಿರುಗಿ.

ಇಲ್ಲಾಂದ್ರೆ ಅನ್ನೋ ಸಾಲಿನ ಮಹತ್ವ

ಮೇಲಿನ ಕೋಡಲ್ಲಿ ನಾನು ತುಂಬಾ ಇಷ್ಟಪಡೋದು ಆ ಇಲ್ಲಾಂದ್ರೆ. ಭಾಗ ಹೋದ್ರೆ ಭಾಜಕ ಅಲ್ಲೇ ಇರುತ್ತೆ, ಹೋಗ್ದೇ ಇದ್ರೆ ಮಾತ್ರ ಮುಂದಕ್ಕೆ. ಇದನ್ನ ಎಲ್ಸ್ ಇಲ್ಲದೆ ಬರೆದು ಪ್ರತಿ ಸುತ್ತಲ್ಲೂ ಭಾಜಕನ ಒಂದು ಹೆಚ್ಚಿಸಿಬಿಟ್ರೆ ಏನಾಗುತ್ತೆ? 72 ಹಾಕಿ ನೋಡಿ. 2ರಲ್ಲಿ ಹೋಗಿ 36 ಆಗುತ್ತೆ, ಭಾಜಕ 3ಕ್ಕೆ ಹೋಗುತ್ತೆ, 36 ಹೋಗಿ 12 ಆಗುತ್ತೆ, ಭಾಜಕ 4, 4 × 4 ಅಂದ್ರೆ 16, 12ನ ದಾಟ್ತು, ಲೂಪ್ ನಿಂತು ಉಳಿದ 12ನ ಪ್ರೈಮ್ ಅಂತ ಪಟ್ಟಿಗೆ ಹಾಕುತ್ತೆ. ಉತ್ತರ 2, 3, 12. ಹನ್ನೆರಡು ಪ್ರೈಮ್ ಅಂತೆ! ಸರಿಯಾದ್ದು 2, 2, 2, 3, 3.

ಈಗ ಇದೇ ತಪ್ಪು ಕೋಡಿಗೆ 600851475143 ಕೊಡಿ. 6857 ಅಂತ ಸರಿಯಾಗೇ ಹೇಳುತ್ತೆ. 13195 ಕೊಡಿ, 5, 7, 13, 29, ಅದೂ ಸರಿ. ಯಾಕಂದ್ರೆ ಎರಡರಲ್ಲೂ ಯಾವ ಪ್ರೈಮೂ ಎರಡು ಸಲ ಬಂದಿಲ್ಲ. ಪ್ರಶ್ನೇಲಿ ಕೊಟ್ಟ ಉದಾಹರಣೆನೂ ಅಸಲಿ ಸಂಖ್ಯೆನೂ ಎರಡೂ ಈ ತಪ್ಪನ್ನ ಮುಚ್ಚಿ ಹಾಕ್ತವೆ.

ಇದೊಂದೇ ಅಲ್ಲ. ಕಂಡೀಶನ್ನಲ್ಲಿ <= ಬದಲು ಬರೀ < ಹಾಕಿದೀರಿ ಅಂತ ಇಟ್ಕೊಳ್ಳಿ. 49 ಕೊಟ್ರೆ 7 × 7 < 49 ಸುಳ್ಳು, ಹಾಗಾಗಿ ಲೂಪ್ 7ರ ಹತ್ರ ನಿಂತು 49 ಸಂಖ್ಯೆನೇ ಪ್ರೈಮ್ ಅಂದ್ಬಿಡುತ್ತೆ. ಆದ್ರೆ ಆಯ್ಲರ್ ಪ್ರಶ್ನೆಯ ಸಂಖ್ಯೇಲಿ ಈ ಪರಿಸ್ಥಿತಿ ಬರೋದೇ ಇಲ್ಲ, ಉತ್ತರ ಸರಿ.

ಇನ್ನೊಂದು, ಕೊನೆಯ ಎರಡು ಸಾಲು, ಉಳಿದ ಸಂಖ್ಯೆ 1ಕ್ಕಿಂತ ದೊಡ್ಡದಿದ್ರೆ ಸೇರಿಸು ಅನ್ನೋದು. ಎಷ್ಟೋ ಜನ ಮೂಲ ಸಂಖ್ಯೆನ ಕುಗ್ಗಿಸದೇನೇ ವರ್ಗಮೂಲದ ತನಕ ಲೂಪ್ ಹಾಕಿ, ಭಾಗ ಹೋಗೋ ಪ್ರೈಮ್‌ಗಳಲ್ಲಿ ದೊಡ್ಡದನ್ನ ಇಟ್ಕೊಂಡು, ಅದನ್ನೇ ಪ್ರಿಂಟ್ ಮಾಡಿ ಮುಗಿಸ್ತಾರೆ. ವರ್ಗಮೂಲದ ಆಚೆ ಫ್ಯಾಕ್ಟರ್ ಇರಲ್ಲ ಅಂತ ಅವರ ನಂಬಿಕೆ. ಇರುತ್ತೆ, ಒಂದೇ ಒಂದು ಇರಬಹುದು. ಎರಡಿದ್ರೆ ಗುಣಿಸಿದಾಗ ಸಂಖ್ಯೆನೇ ಮೀರಿ ಹೋಗುತ್ತೆ, ಹಾಗಾಗಿ ಎರಡಿರೋಕೆ ಸಾಧ್ಯ ಇಲ್ಲ, ಆದ್ರೆ ಒಂದು ಆರಾಮಾಗಿ ಇರುತ್ತೆ. 14 ನೋಡಿ, ವರ್ಗಮೂಲ ಮೂರೂ ಮುಕ್ಕಾಲಿಗಿಂತ ಸ್ವಲ್ಪ ಕಮ್ಮಿ, ಫ್ಯಾಕ್ಟರ್ 2 ಮತ್ತು 7. ಆ ಕೋಡ್ 14ಕ್ಕೆ ಅತಿ ದೊಡ್ಡದು 2 ಅನ್ನುತ್ತೆ. ಆಯ್ಲರ್ ಸಂಖ್ಯೆಗೆ ಮಾತ್ರ ಮತ್ತೆ ಸರಿ ಉತ್ತರ, ಯಾಕಂದ್ರೆ 6857 ಅನ್ನೋದು 775146ಕ್ಕಿಂತ ಎಷ್ಟೋ ಚಿಕ್ಕದು.

ನಾಲ್ಕನೇದು ಸ್ವಲ್ಪ ಸೂಕ್ಷ್ಮ. ಕೆಲವರು ಒಳಗಡೆ ಇನ್ನೊಂದು ವೈಲ್ ಲೂಪ್ (ಮೇಲಿನ ಕೋಡಲ್ಲಿ ಇರೋ ತನಕ ಅಂತ ಬರೆದಿದ್ದೀನಲ್ಲ, ಅದೇ) ಹಾಕಿ, ಭಾಗ ಹೋಗೋ ತನಕ ಅದೇ ಭಾಜಕದಲ್ಲಿ ಭಾಗಿಸಿ, ಕೊನೆಗೆ ಉಳಿದಿದ್ದೇ ದೊಡ್ಡ ಪ್ರೈಮ್ ಅಂತ ಪ್ರಿಂಟ್ ಮಾಡ್ತಾರೆ. 8 ಕೊಟ್ರೆ ಒಳಗಿನ ಲೂಪ್ 8, 4, 2, 1 ಅಂತ ಪೂರ್ತಿ ಕರಗಿಸಿಬಿಡುತ್ತೆ, ಉತ್ತರ 1. 1 ಪ್ರೈಮೇ ಅಲ್ಲ. ನಾನು ಬರೆದ ರೀತೀಲಿ ಈ ತೊಂದರೆ ಇಲ್ಲ, ಭಾಜಕ × ಭಾಜಕ ಸಂಖ್ಯೆಗಿಂತ ಚಿಕ್ಕದು ಅಥವಾ ಸಮ ಇದ್ದಾಗ ಮಾತ್ರ ಭಾಗಿಸೋದ್ರಿಂದ ಉಳಿಯೋದು ಯಾವಾಗ್ಲೂ ಭಾಜಕದಷ್ಟು ಅಥವಾ ಅದಕ್ಕಿಂತ ದೊಡ್ಡದೇ ಇರುತ್ತೆ, 1ಕ್ಕೆ ಇಳಿಯೋ ಪ್ರಶ್ನೆನೇ ಇಲ್ಲ. 8ಕ್ಕೆ 4 ಆಗುತ್ತೆ, 2 ಆಗುತ್ತೆ, ಅಲ್ಲಿಗೆ ನಿಲ್ಲುತ್ತೆ. ಹಾಗಾಗಿ 2 ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆ ಯಾವುದು ಕೊಟ್ರೂ ಕೊನೆಗೆ ಉಳಿಯೋದೇ ಅತಿ ದೊಡ್ಡ ಪ್ರೈಮ್ ಫ್ಯಾಕ್ಟರ್. ಪ್ರಶ್ನೆ ದೊಡ್ಡದನ್ನ ಮಾತ್ರ ಕೇಳಿದ್ರೆ ಪಟ್ಟಿನೂ ಬೇಡ, ಸಂಖ್ಯೆನ ಪ್ರಿಂಟ್ ಮಾಡಿದ್ರೆ ಆಯ್ತು.

ಅಂದ್ರೆ ನಾಲ್ಕು ಥರ ತಪ್ಪು ಕೋಡ್, ನಾಲ್ಕಕ್ಕೂ ಗ್ರೀನ್ ಟಿಕ್. ಪ್ಲೇಸ್‌ಮೆಂಟ್ ಕೋಡಿಂಗ್ ರೌಂಡಲ್ಲಿ ಸ್ಯಾಂಪಲ್ ಎಲ್ಲಾ ಪಾಸ್ ಆಗಿ ನಮಗೆ ತೋರಿಸದ ಹಿಡನ್ ಟೆಸ್ಟ್ ಕೇಸಲ್ಲಿ ಫೇಲ್ ಆಗೋದು ಇಂಥದ್ರಿಂದಾನೇ. ನಾನು ಯಾರಿಗೆ ಹೇಳಿಕೊಟ್ರೂ ಟೆಸ್ಟಿಗೆ 1, 2, 8, 14, 49, 72 ಮೊದಲು ಹಾಕಿ ಅಂತೀನಿ. 1ಕ್ಕೆ ಖಾಲಿ ಪಟ್ಟಿ ಬರ್ಬೇಕು. 0 ಯಾರಾದ್ರೂ ಕೊಟ್ರೆ ನಮ್ಮ ಕೋಡ್ ಸುಮ್ನೆ ಖಾಲಿ ಪಟ್ಟಿ ಕೊಟ್ಟು ಮುಗಿಸುತ್ತೆ, ಆದ್ರೆ ಲೂಪಿಗೂ ಮೊದಲು ಭಾಗ ಹೋಗೋ ತನಕ 2ರಲ್ಲಿ ಭಾಗಿಸು ಅಂತ ಪ್ರತ್ಯೇಕವಾಗಿ ವೈಲ್ ಬರೆದಿರೋರ ಕೋಡ್ ಅಲ್ಲೇ ಸುತ್ತುತ್ತಾ ಕೂತಿರುತ್ತೆ, 0ನ 2ರಲ್ಲಿ ಎಷ್ಟು ಸಲ ಭಾಗಿಸಿದ್ರೂ ಶೇಷ 0ನೇ ಅಲ್ವಾ.

ಇಂಟ್ ಅನ್ನೋ ಗುಂಡಿ

ಪೈಥಾನ್ ಬಳಸೋರು ಈ ಭಾಗ ಓದೋ ಅವಶ್ಯಕತೆ ಅಷ್ಟಾಗಿಲ್ಲ, ಆದ್ರೂ ಒಂದು ವಿಷಯ. ಪೈಥಾನ್ 3ರಲ್ಲಿ ಭಾಗಾಕಾರಕ್ಕೆ ಒಂದು ಓರೆಗೆರೆ ಹಾಕಿದ್ರೆ ದಶಮಾಂಶ ಸಂಖ್ಯೆ ಬರುತ್ತೆ, ಎರಡು ಓರೆಗೆರೆ ಹಾಕಿದ್ರೆ ಪೂರ್ಣಾಂಕ. ಒಂದು ಹಾಕಿದ್ರೂ ಚಿಕ್ಕ ಸಂಖ್ಯೆಗಳಲ್ಲಿ ಗೊತ್ತಾಗಲ್ಲ, ಉತ್ತರ 6857.0 ಅಂತ ಬರುತ್ತೆ ಅಷ್ಟೇ. 9007199254740992, ಅಂದ್ರೆ 2ರ ಘಾತ 53, ಅದನ್ನ ದಾಟಿದ ಮೇಲೆ ಅಂಕಿಗಳು ಸದ್ದಿಲ್ಲದೆ ತಪ್ಪಾಗೋಕೆ ಶುರುವಾಗುತ್ತೆ. ಯಾವಾಗ್ಲೂ ಎರಡು ಓರೆಗೆರೆನೇ ಹಾಕಿ ಅಭ್ಯಾಸ ಮಾಡ್ಕೊಳ್ಳಿ. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಗೂ ಅದೇ ಮಿತಿ.

ಜಾವಾ, ಸಿ, ಸಿ ಪ್ಲಸ್ ಪ್ಲಸ್‌ನವರು ಗಮನ ಕೊಡಿ. ಇಂಟ್ ಅಂದ್ರೆ ಪೂರ್ಣಾಂಕ ಇಡೋ ಜಾಗ, 32 ಬಿಟ್ ಇಂಟ್‌ನಲ್ಲಿ ಹಿಡಿಸೋ ಅತಿ ದೊಡ್ಡ ಸಂಖ್ಯೆ 2147483647. ನಮ್ಮ ಸಂಖ್ಯೆ ಅದರ 280 ಪಟ್ಟು ಹತ್ರ ಇದೆ. ಜಾವಾದಲ್ಲಿ ಸಂಖ್ಯೆಯ ಕೊನೇಲಿ ಎಲ್ ಅಕ್ಷರ ಹಾಕ್ದೇ ಇದ್ರೆ ಕಂಪೈಲೇ ಆಗಲ್ಲ, ಅದು ಒಳ್ಳೇದೇ, ತಪ್ಪು ಮುಖಕ್ಕೇ ಗೊತ್ತಾಗುತ್ತೆ. ಕಾಣದೇ ಇರೋ ಗುಂಡಿ ಬೇರೆ ಇದೆ. ಸಂಖ್ಯೆನ ಲಾಂಗ್ (ಇಂಟ್‌ಗಿಂತ ದೊಡ್ಡ ಜಾಗ) ಮಾಡಿರ್ತಾರೆ, ಭಾಜಕನ ಮಾತ್ರ ಪಾಪ ಚಿಕ್ಕದು ತಾನೇ ಅಂತ ಇಂಟ್‌ನಲ್ಲೇ ಬಿಟ್ಟಿರ್ತಾರೆ. ಭಾಜಕ 46340 ಇರೋ ತನಕ ಅದರ ವರ್ಗ 2147395600, ಹಿಡಿಸುತ್ತೆ. 46341 ಆದ ಕೂಡ್ಲೇ ವರ್ಗ 2147488281, ಹಿಡಿಸಲ್ಲ. ಜಾವಾದಲ್ಲಿ ಅದು ಸುತ್ತಿ ಬಂದು ನೆಗೆಟಿವ್ ಆಗಿಬಿಡುತ್ತೆ, ನೆಗೆಟಿವ್ ಸಂಖ್ಯೆ ಯಾವಾಗ್ಲೂ ನಮ್ಮ ಸಂಖ್ಯೆಗಿಂತ ಚಿಕ್ಕದೇ, ಹಾಗಾಗಿ ನಿಲ್ಬೇಕಾದ ಜಾಗದಲ್ಲಿ ಲೂಪ್ ನಿಲ್ಲಲ್ಲ. ಸಿ ಮತ್ತೆ ಸಿ ಪ್ಲಸ್ ಪ್ಲಸ್‌ನಲ್ಲಂತೂ ಸೈನ್ಡ್ ಇಂಟ್ ಓವರ್‌ಫ್ಲೋ ಆದ್ರೆ, ಅಂದ್ರೆ ಸಂಖ್ಯೆ ಹಿಡಿಸದೆ ಉಕ್ಕಿದ್ರೆ, ಏನು ಬೇಕಾದ್ರೂ ಆಗಬಹುದು ಅಂತ ಆ ಲ್ಯಾಂಗ್ವೇಜಿನ ನಿಯಮಾನೇ ಕೈ ಎತ್ತಿದೆ.

ಇದನ್ನೂ ಆಯ್ಲರ್ ಪ್ರಶ್ನೆ ಹಿಡಿಯಲ್ಲ, ಭಾಜಕ 1471ಕ್ಕೇ ನಿಂತುಬಿಡೋದ್ರಿಂದ. ಹಿಡಿಯೋಕೆ ಒಂದು ಒಳ್ಳೇ ಟೆಸ್ಟ್ ಹೇಳ್ತೀನಿ, ಅದೇ 2147483647 ಕೊಡಿ. ಇಂಟ್‌ನ ಮಿತಿ ಅನ್ನೋದು ಬಿಟ್ಟು ಅದಕ್ಕೆ ಇನ್ನೊಂದು ಗುಣ ಇದೆ, ಅದು ಸ್ವತಃ ಪ್ರೈಮ್. ಅದು ಪ್ರೈಮ್ ಅಂತ 1772ರಲ್ಲಿ ತೋರಿಸಿದ್ದು ಗಣಿತಜ್ಞ ಲಿಯೊನಾರ್ಡ್ ಆಯ್ಲರ್, ಆ ಸೈಟಿಗೆ ಹೆಸರು ಬಂದಿರೋದು ಅವರಿಂದಾನೇ. ಸರಿಯಾದ ಕೋಡ್ 46340ರ ತನಕ ಹೋಗಿ ನಿಂತು ಒಂದೇ ಫ್ಯಾಕ್ಟರ್ ಕೊಡುತ್ತೆ. ತಪ್ಪಿರೋ ಕೋಡ್ ಅಲ್ಲಿ ನಿಲ್ಲದೆ ಎಷ್ಟೋ ಹೊತ್ತು ಓಡ್ತಾನೇ ಇರುತ್ತೆ. ಪರಿಹಾರ ಸುಲಭ, ಭಾಜಕನೂ ಲಾಂಗ್ ಮಾಡಿ, ಇಲ್ಲಾಂದ್ರೆ ಗುಣಾಕಾರದ ಬದಲು ಭಾಜಕ <= ಸಂಖ್ಯೆ ÷ ಭಾಜಕ ಅಂತ ಬರೀರಿ, ಭಾಗಿಸಿದ್ರೆ ಓವರ್‌ಫ್ಲೋ ಆಗೋ ಮಾತೇ ಇಲ್ಲ.

ಆಯ್ಲರ್ ಅವರದ್ದೇ ಇನ್ನೊಂದು ಸಂಖ್ಯೆ ಟೆಸ್ಟಿಗೆ ಚೆನ್ನಾಗಿದೆ. 2ರ ಘಾತ 32ಕ್ಕೆ 1 ಸೇರಿಸಿದ್ರೆ 4294967297. ಇದು ಪ್ರೈಮ್ ಇರ್ಬೇಕು ಅಂತ ಫರ್ಮಾ ಅನ್ನೋ ಫ್ರೆಂಚ್ ಗಣಿತಜ್ಞ ನಂಬಿದ್ರು. 1732ರಲ್ಲಿ ಆಯ್ಲರ್ ಅದನ್ನ 641 × 6700417 ಅಂತ ಒಡೆದು ತೋರಿಸಿದ್ರು, ಕಂಪ್ಯೂಟರ್ ಬಿಡಿ ಕ್ಯಾಲ್ಕುಲೇಟರೂ ಇಲ್ಲದ ಕಾಲದಲ್ಲಿ. ನಿಮ್ಮ ಕೋಡ್ 641 ಸಿಕ್ಕಿದ ಮೇಲೆ 2588ರ ತನಕ ಹೋಗಿ ನಿಲ್ಬೇಕು. ಮೂಲ ಸಂಖ್ಯೆಯ ವರ್ಗಮೂಲ 65536, ಅಲ್ಲಿ ತನಕ ಹೋಗ್ತಿದ್ರೆ ಮಿತಿನ ಹೊಸದಾಗಿ ಲೆಕ್ಕ ಹಾಕ್ತಿಲ್ಲ ಅಂತ ಅರ್ಥ, ಸುತ್ತು ಎಣಿಸೋಕೆ ಒಂದು ಕೌಂಟರ್ ಇಟ್ಟು ನೋಡಿದ್ರೆ ತಕ್ಷಣ ಗೊತ್ತಾಗುತ್ತೆ.

ಲಿನಕ್ಸ್ ಇದ್ರೆ ಉತ್ತರ ಸರಿ ಇದೆಯಾ ನೋಡೋಕೆ ಇನ್ನೂ ಸುಲಭ, ಟರ್ಮಿನಲ್ಲಲ್ಲಿ ಫ್ಯಾಕ್ಟರ್ ಅನ್ನೋ ಕಮಾಂಡ್ ಮುಂಚೆಯಿಂದಾನೇ ಇರುತ್ತೆ, ಮುಂದೆ ಸಂಖ್ಯೆ ಕೊಟ್ರೆ ಫ್ಯಾಕ್ಟರ್‌ಗಳನ್ನ ಸಾಲಾಗಿ ಕೊಡುತ್ತೆ. 2ರಿಂದ ಹತ್ತು ಸಾವಿರದ ತನಕ ಎಲ್ಲಾ ಸಂಖ್ಯೆಗೂ ನಿಮ್ಮ ಕೋಡ್ ಓಡಿಸಿ ಅದರ ಔಟ್‌ಪುಟ್ ಜೊತೆ ತಾಳೆ ನೋಡಿ. ಅದೂ ಬೇಡ ಅಂದ್ರೆ ಬಂದ ಫ್ಯಾಕ್ಟರ್‌ಗಳನ್ನೆಲ್ಲಾ ಗುಣಿಸಿ ಮೂಲ ಸಂಖ್ಯೆ ವಾಪಸ್ ಬರುತ್ತಾ ನೋಡಿ, ಆದ್ರೆ ಇದು ಅರ್ಧ ಚೆಕ್ ಅಷ್ಟೇ, 2 × 3 × 12 ಕೂಡ 72ನೇ ಆಗೋದು.

ಸ್ಪೀಡ್ ಬೇಕು ಅಂದ್ರೆ

2 ಆದ ಮೇಲೆ ಬರೀ ಬೆಸ ಸಂಖ್ಯೆ ನೋಡಿದ್ರೆ ಕೆಲಸ ಅರ್ಧ ಆಗುತ್ತೆ. 2, 3 ಮುಗಿಸಿ 5ರಿಂದ ಶುರು ಮಾಡಿ ಒಮ್ಮೆ 2 ಕೂಡಿ ಒಮ್ಮೆ 4 ಕೂಡಿ ಹೋದ್ರೆ, ಅಂದ್ರೆ 5, 7, 11, 13, 17, 19, 23, 25 ಅಂತ, ಮೂರನೇ ಒಂದು ಭಾಗ ಆಗುತ್ತೆ. 3ಕ್ಕಿಂತ ದೊಡ್ಡ ಪ್ರೈಮ್‌ಗಳೆಲ್ಲಾ 6ರ ಗುಣಕದ ಒಂದು ಹಿಂದೆ ಇಲ್ಲ ಒಂದು ಮುಂದೆನೇ ಇರೋದು. ಮಾಡಿದ್ರೆ ತಪ್ಪಿಲ್ಲ, ಆದ್ರೆ 1472 ಸುತ್ತನ್ನ ಐನೂರು ಮಾಡೋಕೆ ಕೋಡ್ ಗೋಜಲು ಮಾಡ್ಕೊಳ್ಳೋದ್ರಲ್ಲಿ ನನಗೆ ಅರ್ಥ ಕಾಣಲ್ಲ.

ನಿಜವಾಗ್ಲೂ ನಿಧಾನ ಆಗೋದು ಸಂಖ್ಯೆನೇ ಪ್ರೈಮ್ ಆಗಿದ್ದಾಗ, ಯಾಕಂದ್ರೆ ಕುಗ್ಗೋಕೆ ಏನೂ ಸಿಗಲ್ಲ. 999999999989 ಹಾಕಿ ನೋಡಿ, ಹನ್ನೆರಡು ಅಂಕಿ, ಪ್ರೈಮ್, ಲೂಪ್ ಹತ್ತು ಲಕ್ಷದ ಹತ್ರ ತಿರುಗುತ್ತೆ. ನಮ್ಮ ಆಯ್ಲರ್ ಸಂಖ್ಯೆಗೂ ಇದಕ್ಕೂ ಅಳತೇಲಿ ಅಂಥ ವ್ಯತ್ಯಾಸ ಇಲ್ಲ, ಎರಡೂ ಹನ್ನೆರಡು ಅಂಕಿನೇ, ಕೆಲಸ ಮಾತ್ರ ಆರುನೂರು ಪಟ್ಟಿಗೂ ಮೇಲೆ. ಒಂದು ಸಲಕ್ಕೆ ಪರವಾಗಿಲ್ಲ, ಇಂಥವು ಸಾವಿರ ಕೊಟ್ರೆ ಕಷ್ಟ. ಆಗ ಮಾತ್ರ ಪ್ರೈಮ್ ಪಟ್ಟಿ ಮಾಡ್ಕೊಳ್ಳೋದಕ್ಕೆ ಬೆಲೆ ಬರೋದು. ಎರಟೋಸ್ತನೀಸ್ ಜರಡಿ (ಪ್ರತಿ ಪ್ರೈಮ್‌ನ ಗುಣಕಗಳನ್ನ ಹೊಡೆದು ಹಾಕ್ತಾ ಪ್ರೈಮ್ ಮಾತ್ರ ಉಳಿಸೋ ವಿಧಾನ) ಹಾಕಿ ಹತ್ತು ಲಕ್ಷದ ಒಳಗಿನ ಪ್ರೈಮ್ ತೆಗೆದ್ರೆ ಸಿಗೋದು 78498, ಆಮೇಲೆ ಪ್ರತಿ ಸಂಖ್ಯೆನೂ ಅವುಗಳಲ್ಲಿ ಮಾತ್ರ ಭಾಗಿಸಿದ್ರೆ ಸಾಕು.

ಸಂಖ್ಯೆಗಳು ಚಿಕ್ಕವು ಆದ್ರೆ ಲಕ್ಷಾಂತರ ಇವೆ, ಉದಾಹರಣೆಗೆ ಒಂದು ಕೋಟಿ ಒಳಗಿನ ಐದು ಲಕ್ಷ ಸಂಖ್ಯೆ ಕೊಟ್ಟು ಎಲ್ಲದರ ಫ್ಯಾಕ್ಟರ್ ಕೇಳ್ತಾರೆ ಅಂದ್ರೆ ಇನ್ನೊಂದು ಟ್ರಿಕ್ ಇದೆ, ಕಾಂಪಿಟೇಟಿವ್ ಕೋಡಿಂಗ್ ಮಾಡೋರಿಗೆಲ್ಲಾ ಇದು ಬಾಯಿಪಾಠ. ಜರಡೀಲಿ ಪ್ರೈಮ್ ಹೌದಾ ಅಲ್ವಾ ಅಂತ ಮಾತ್ರ ಬರ್ಕೊಳ್ಳೋ ಬದಲು, ಪ್ರತಿ ಸಂಖ್ಯೆಗೂ ಅದರ ಅತಿ ಚಿಕ್ಕ ಪ್ರೈಮ್ ಫ್ಯಾಕ್ಟರ್ ಯಾವುದು ಅಂತ ಬರ್ಕೊಂಡುಬಿಡೋದು. ಶುರುವಲ್ಲಿ ಪ್ರತಿ ಸಂಖ್ಯೆಯ ಜಾಗದಲ್ಲಿ ಅದೇ ಸಂಖ್ಯೆ ಇಡಿ. 2ರಿಂದ ಮಿತಿಯ ವರ್ಗಮೂಲದ ತನಕ ಬನ್ನಿ, ಯಾವುದರ ಜಾಗದಲ್ಲಿ ಇನ್ನೂ ಅದೇ ಇದೆಯೋ ಅದು ಪ್ರೈಮ್, ಅದರ ವರ್ಗದಿಂದ ಶುರು ಮಾಡಿ ಅದರ ಗುಣಕಗಳಿಗೆಲ್ಲಾ ಹೋಗಿ, ಅಲ್ಲಿ ಇನ್ನೂ ಯಾರೂ ಬರೆದಿಲ್ಲ ಅಂದ್ರೆ ಮಾತ್ರ ಈ ಪ್ರೈಮ್ ಬರೀರಿ. ಆ ಮಾತ್ರ ಅನ್ನೋದನ್ನ ಬಿಟ್ರೆ ಚಿಕ್ಕದರ ಮೇಲೆ ದೊಡ್ಡದು ಕೂತ್ಬಿಡುತ್ತೆ. ಟೇಬಲ್ ರೆಡಿ ಆದ ಮೇಲೆ 360ಕ್ಕೆ ಫ್ಯಾಕ್ಟರ್ ಬೇಕು ಅಂದ್ರೆ ಹುಡುಕೋದೇ ಇಲ್ಲ: 360ರ ಜಾಗದಲ್ಲಿ 2 ಇದೆ, ಭಾಗಿಸಿದ್ರೆ 180, ಅಲ್ಲೂ 2, ಆಮೇಲೆ 90, ಅಲ್ಲೂ 2, ಆಮೇಲೆ 45, ಅಲ್ಲಿ 3, ಆಮೇಲೆ 15, ಅಲ್ಲೂ 3, ಕೊನೆಗೆ 5, ಅಲ್ಲಿ 5, ಮುಗೀತು. ಒಂದು ಕೋಟಿ ಒಳಗಿನ ಯಾವ ಸಂಖ್ಯೆಗೂ 23 ಹೆಜ್ಜೆಗಿಂತ ಜಾಸ್ತಿ ಆಗಲ್ಲ, ಯಾಕಂದ್ರೆ 2ನ 23 ಸಲ ಗುಣಿಸಿದ್ರೆ 8388608, ಇನ್ನೊಂದು ಸಲ ಗುಣಿಸಿದ್ರೆ ಕೋಟಿ ದಾಟುತ್ತೆ. ಮೆಮೊರಿ ನಾಲ್ಕು ಬೈಟಿನ ಇಂಟ್ ಲೆಕ್ಕದಲ್ಲಿ 40 ಎಂಬಿ, ಪೈಥಾನ್ ಲಿಸ್ಟಲ್ಲಿ ಮಾಡಿದ್ರೆ ಇದಕ್ಕಿಂತ ಎಷ್ಟೋ ಜಾಸ್ತಿ ತಿನ್ನುತ್ತೆ ಗಮನ ಇರ್ಲಿ.

ಪ್ರಶ್ನೆನ ತಿರುಗಿಸಿ ಕೇಳೋದೂ ಇದೆ. ಒಂದು ಸಂಖ್ಯೆಗೆ ಒಟ್ಟು ಎಷ್ಟು ಭಾಜಕ ಇವೆ ಅಂತ ಕೇಳ್ತಾರೆ, ಆಗ್ಲೂ ಇದೇ ಕೋಡ್, ಪ್ರತಿ ಪ್ರೈಮ್ ಎಷ್ಟು ಸಲ ಬಂತು ಎಣಿಸಿ, ಒಂದೊಂದು ಎಣಿಕೆಗೂ 1 ಸೇರಿಸಿ ಗುಣಿಸಿಬಿಡಿ. 72ರಲ್ಲಿ 2 ಮೂರು ಸಲ, 3 ಎರಡು ಸಲ, ಅಂದ್ರೆ 4 × 3, ಒಟ್ಟು 12 ಭಾಜಕ.

ಈ ವಿಧಾನ ಎಲ್ಲಿಗೆ ಸಾಕಾಗಲ್ಲ

ಹದಿನೆಂಟು ಅಂಕಿ ಪ್ರೈಮ್ ಕೊಟ್ರೆ ನೂರು ಕೋಟಿ ಸುತ್ತು ಬೇಕು, ಪೈಥಾನಲ್ಲಿ ಆಗೋ ಕೆಲಸ ಅಲ್ಲ. 2ರ ಘಾತ 67ರಿಂದ 1 ಕಳೆದ್ರೆ 147573952589676412927. ಇದನ್ನ 1903ರಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಅನ್ನೋ ಅಮೆರಿಕದ ಗಣಿತಜ್ಞ 193707721 × 761838257287 ಅಂತ ಒಡೆದ್ರು. ನಮ್ಮ ಕೋಡಿಗೆ ಕೊಟ್ರೆ ಮೊದಲನೇ ಫ್ಯಾಕ್ಟರ್ ಮುಟ್ಟೋಕೇ ಹತ್ತೊಂಬತ್ತು ಕೋಟಿ ಸುತ್ತು ದಾಟ್ಬೇಕು. ಇಂಥ ಕಡೆ 1975ರಲ್ಲಿ ಜಾನ್ ಪೊಲಾರ್ಡ್ ಕೊಟ್ಟ ರೋ ವಿಧಾನ ಬಳಸ್ತಾರೆ, ಅದರಲ್ಲಿ ಬೇಕಾಗೋ ಸುತ್ತು ಸಾಮಾನ್ಯವಾಗಿ ಚಿಕ್ಕ ಫ್ಯಾಕ್ಟರ್‌ನ ವರ್ಗಮೂಲದ ಆಸುಪಾಸು, ಇಲ್ಲಿ ಅದು ಹದಿನಾಲ್ಕು ಸಾವಿರದ ಲೆಕ್ಕ. ಲಿನಕ್ಸಿನ ಆ ಫ್ಯಾಕ್ಟರ್ ಕಮಾಂಡೂ ಚಿಕ್ಕ ಪ್ರೈಮ್‌ಗಳನ್ನ ನಮ್ಮ ಥರನೇ ಭಾಗಿಸಿ ತೆಗೆದು, ದೊಡ್ಡದು ಉಳಿದ್ರೆ ರೋಗೆ ಹೋಗುತ್ತೆ.

ಆದ್ರೆ ರೋ ಬರೆಯೋಕೆ ಹೋದ್ರೆ ನಾವು ಬೇಡ ಅಂತ ಬಿಟ್ಟಿದ್ದ ಪ್ರೈಮ್ ಚೆಕ್ ಬೇಕೇ ಬೇಕಾಗುತ್ತೆ. ಸಂಖ್ಯೆ ಪ್ರೈಮ್ ಆಗಿದ್ರೆ ರೋ ಫ್ಯಾಕ್ಟರ್ ಸಿಗದೆ ಸುತ್ತುತ್ತಾನೇ ಇರುತ್ತೆ, ಹಾಗಾಗಿ ಮೊದಲು ಮಿಲ್ಲರ್ ರಾಬಿನ್ ಅನ್ನೋ ಪ್ರೈಮ್ ಚೆಕ್ ಟೆಸ್ಟ್ ಹಾಕಿ ಪ್ರೈಮ್ ಅಲ್ಲ ಅಂತ ಖಾತ್ರಿ ಮಾಡ್ಕೊಂಡೇ ಒಳಗೆ ಬಿಡ್ಬೇಕು. ಅದು ಕೊಡೋ ಫ್ಯಾಕ್ಟರ್ ಕೂಡ ಪ್ರೈಮೇ ಇರುತ್ತೆ ಅಂತ ಗ್ಯಾರಂಟಿ ಇಲ್ಲ, ಅದನ್ನೂ ಮತ್ತೆ ಚೆಕ್ ಮಾಡಿ ಬೇಕಿದ್ರೆ ಮತ್ತೆ ಒಡೀಬೇಕು. ಸಿ ಪ್ಲಸ್ ಪ್ಲಸ್‌ನಲ್ಲಿ ಹದಿನೆಂಟು ಅಂಕಿ ಸಂಖ್ಯೆ ಎರಡು ಗುಣಿಸಿ ಶೇಷ ತೆಗೆಯೋವಾಗ ಲಾಂಗ್ ಲಾಂಗೂ ಸಾಲಲ್ಲ, 128 ಬಿಟ್ ಬೇಕು. ಹನ್ನೆರಡು ಹದಿಮೂರು ಅಂಕಿ ತನಕದ ಒಂದೆರಡು ಸಂಖ್ಯೆಗೆ ಇದ್ಯಾವುದರ ಸಹವಾಸವೂ ಬೇಡ, ಮೇಲಿನ ಹನ್ನೊಂದು ಸಾಲೇ ಸಾಕು.